ಅಂಗಡಿಯ ಮೇಲೊಂದು ಮನೆ

ನಮ್ಮದು ಊರಿನ ನಟ್ಟನಡುವಿನ ಬೀದಿ. ಆದರೂ ಸಂಜೆ ಷಟರ್ ಎಳೆದ ಮೇಲೆ ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಯಾವ ಪುಣ್ಯಾತ್ಮ ಬರೆದನೋ, ಊರಿನ ಹಳೇ ಯೋಜನೆಯಲ್ಲಿ ಈ ಬೀದಿ ಅಂಗಡಿಗಳಿಗೆ ಮಾತ್ರ, ಯಾರೂ ವಾಸ ಇರಕೂಡದು ಎಂದಿತ್ತು. ಮಹಡಿಗಳಲ್ಲಿ ಹಳೇ ಡಬ್ಬ, ಜೇಡರ ಬಲೆ. ಮನುಷ್ಯರೆಲ್ಲ ಊರಾಚೆಯ ಬಡಾವಣೆಗಳಲ್ಲಿ.

ನಾನೂ ಅವರಲ್ಲೊಬ್ಬಳು. ಬಟ್ಟೆ ಹೊಲಿಯುತ್ತೇನೆ. ಅಪ್ಪ ಬಿಟ್ಟುಹೋದ ಅಂಗಡಿ ಇಲ್ಲಿ, ಬಾಡಿಗೆ ಮನೆ ಬಡಾವಣೆಯ ತುದಿಯಲ್ಲಿ. ಎರಡು ಬಸ್ಸು ಹತ್ತಿಳಿದು ಮನೆ ಸೇರುವಷ್ಟರಲ್ಲಿ ಮಗಳು ನಿದ್ದೆ ಹೋಗಿರುತ್ತಿದ್ದಳು. ಶಾಲೆಯಲ್ಲಿ ಅಮ್ಮನ ಚಿತ್ರ ಬರೆ ಎಂದರೆ, ಬಸ್ಸಿನ ಕಿಟಕಿಯಲ್ಲಿ ಒಂದು ತಲೆ ಬರೆದಿಟ್ಟಳು. ಟೀಚರು ನಕ್ಕರಂತೆ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅಂಗಡಿಯ ಮೇಲೇ ಗಾಳಿ, ಬೆಳಕು ಇರುವ ಮಹಡಿ ಖಾಲಿ ಬಿದ್ದಿದೆ, ನಾನು ಮಾತ್ರ ದಿನಾ ಬಸ್ಸಿನಲ್ಲಿ ನೇತಾಡಬೇಕು!

ಆಗ ಯೋಜನಾ ಕಚೇರಿಗೆ ಹೊಸ ಮೇಡಂ ಬಂದರು. ಬಂದವರೇ ನಕ್ಷೆಯಲ್ಲಿ ಊರಿನ ಸುತ್ತ ಒಂದು ಗೆರೆ ಎಳೆದರು. ಇದರಾಚೆ ಹೊಸ ಬಡಾವಣೆ ಬೇಡ, ಹೊಲ ಹೊಲವಾಗೇ ಇರಲಿ, ಊರೊಳಗೆ ಅಂಗಡಿಗಳ ಮೇಲೆ ಜನ ವಾಸ ಮಾಡಲಿ ಎಂದರು. ಸೈಟು ಮಾರುವವರು ಹಲ್ಲು ಕಡಿದರು. 'ಗೆರೆ ಮೇಡಂ' ಎಂದು ಹೆಸರಿಟ್ಟವರು ಅವರೇ. ನಮ್ಮ ಮನೆಯವರೂ ಗೆರೆಯಾಚೆಯ ಸೈಟೊಂದರ ಮೇಲೆ ಕಣ್ಣಿಟ್ಟಿದ್ದರು, ಹಾಗಾಗಿ ಮುಖ ಊದಿಸಿಕೊಂಡು ಕೂತರು. "ಅಲ್ಲಿಗೆ ಹೋದ್ರೆ ನಾನು ಮೂರನೇ ಬಸ್ಸು ಹತ್ತಬೇಕು ಕಣ್ರೀ" ಅಂದಮೇಲೆ ತೆಪ್ಪಗಾದರು.

ಒಂದು ದಿನ ಮೇಡಂ ಕೋಟು ಸಡಿಲ ಮಾಡಿಸಲು ನನ್ನ ಅಂಗಡಿಗೇ ಬಂದರು. ನಾನು ಒಳಹೊಲಿಗೆ ಬಿಚ್ಚುವುದನ್ನೇ ನೋಡುತ್ತಾ, "ನೋಡಿ, ಒಳಗೇ ಬೇಕಾದಷ್ಟು ಬಟ್ಟೆ ಇದೆ. ಊರೂ ಅಷ್ಟೇ. ಹೊರಗಡೆ ತೇಪೆ ಹಾಕ್ತಾ ಹೋಗೋದು ಯಾಕೆ ಅಂತ ಹೇಳಿ ಹೇಳಿ ಸಾಕಾಗಿದೆ ನಂಗೆ" ಅಂದರು.

"ಹಾಗಾದ್ರೆ ಮೇಲ್ಗಡೆ ನಾನು ಮನೆ ಮಾಡ್ಬಹುದಾ ಮೇಡಂ?"

"ಪುರಸಭೆ ಒಪ್ಪಿದ್ರೆ. ಗುರುವಾರ ಸದಸ್ಯರೆಲ್ಲ ಮೊದಲು ಈ ಬೀದಿ ನೋಡ್ತಾರೆ, ಆಮೇಲೆ ಸಭೇಲಿ ಕೈ ಎತ್ತುತ್ತಾರೆ. ಒಪ್ಪದಿದ್ರೆ ಮಾರ್ಕೆಟ್ಟು, ಬಸ್ ಸ್ಟ್ಯಾಂಡು ಎಲ್ಲಾ ಬೈಪಾಸ್ ಆಚೆ ಹೋಗತ್ತೆ. ನೀವ್ಯಾರೂ ಏನೂ ಮಾಡ್ಬೇಡಿ, ದಿನಾ ಇರೋ ಹಾಗೇ ಇರಿ."

ಸುಮ್ಮನಿರುವುದು ನಮ್ಮ ಬೀದಿಯವರ ಜಾಯಮಾನಕ್ಕೆ ಒಗ್ಗದ ಮಾತು. ಮರ್ಯಾದೆ ತೋರಿಸಲು ನಮಗೆ ಗೊತ್ತಿರುವುದು ಒಂದೇ ದಾರಿ: ಅಂಗಡಿ ಮುಚ್ಚುವುದು. ಯಾರದಾದರೂ ಮದುವೆಯೇ, ಮುಚ್ಚು. ಸಾವೇ, ಮುಚ್ಚು. ಕ್ಷೌರದಂಗಡಿಯ ಅಣ್ಣ ಎಲ್ಲರನ್ನೂ ಸೇರಿಸಿ, "ಮೇಡಂ ನಮಗೋಸ್ಕರ ಬಡಿದಾಡ್ತಿರೋವಾಗ ನಾವು ವ್ಯಾಪಾರ ಮಾಡ್ಕೊಂಡು ಕೂತ್ರೆ ಚೆನ್ನಾಗಿರತ್ತಾ? ಎಲ್ಲರೂ ಸಭೆಗೇ ಹೋಗೋಣ" ಅಂದ.

"ಅವರು ಬೀದಿ ನೋಡೋಕೆ ಬರ್ತಾರಲ್ಲಣ್ಣ?" ಅಂದೆ.

"ಬೀದಿ ಎಲ್ಲಿಗೂ ಓಡಿಹೋಗಲ್ಲವಲ್ಲ ತಾಯಿ, ನೋಡ್ಕೊಂಡು ಬರಲಿ ಬಿಡು" ಅಂದ. ನನ್ನ ಬುದ್ಧಿಯೂ ಆ ಹೊತ್ತು ಮೇಯಲು ಹೋಗಿತ್ತು. ಹೂಂ ಅಂದೆ.

ಗುರುವಾರ ನಾವೆಲ್ಲ ಇಸ್ತ್ರಿ ಬಟ್ಟೆ ತೊಟ್ಟು ಸಭಾಂಗಣದ ಬೆಂಚು ತುಂಬಿಸಿ ಕೂತೆವು. ಸ್ವಲ್ಪ ಹೊತ್ತಿಗೆ ಸದಸ್ಯರು ಮುಖ ಸಿಂಡರಿಸಿಕೊಂಡು ಒಳಗೆ ಬಂದರು. ಅಧ್ಯಕ್ಷರು ಕುರ್ಚಿಯಲ್ಲಿ ಕೂರುವ ಮೊದಲೇ, "ಏನ್ ಮೇಡಂ, ಜೀವ ಇರೋ ಬೀದಿ ಅಂದ್ರಿ. ಈ ತುದಿಯಿಂದ ಆ ತುದಿವರೆಗೂ ಬರೀ ಷಟರ್ರು. ಅಂಥಾ ಕಡೆ ಯಾರು ಮನೆ ಮಾಡ್ತಾರೆ?" ಅಂದರು.

ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮನೆಗೆ ನಾವೇ ಕೈಯಾರೆ ಕಲ್ಲು ಹಾಕಿದ್ದೆವು. ಕ್ಷೌರದಣ್ಣ ನೆಲ ನೋಡುತ್ತಿದ್ದ.

ಮೇಡಂ ನಮ್ಮತ್ತ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೂ ತಪ್ಪಿರಲಿಲ್ಲ. ಅವರು ಬಾಯಿಗೆ ಕೈ ಅಡ್ಡ ಹಿಡಿದು, ತಡೆಯಲಾಗದೆ ನಕ್ಕುಬಿಟ್ಟರು. "ಸರ್, ಆ ಬೀದಿ ಪೂರ್ತಿ ಇಲ್ಲೇ ಬಂದು ಕೂತಿದೆ. ನಿಮಗೆ ಮರ್ಯಾದೆ ಕೊಡೋಕೆ ಅಂತ ಅಂಗಡಿ ಮುಚ್ಕೊಂಡು ಬಂದಿದ್ದಾರೆ. ದಯವಿಟ್ಟು ಇನ್ನೊಂದ್ಸಲ ಬನ್ನಿ."

ಅಧ್ಯಕ್ಷರು ಗಡಿಯಾರ ನೋಡಿದರು, ನಮ್ಮನ್ನು ನೋಡಿದರು. "ಆಯ್ತು, ನಡೀರಿ" ಅನ್ನುವಷ್ಟರಲ್ಲಿ ಕ್ಷೌರದಣ್ಣ ಬಾಗಿಲು ದಾಟಿದ್ದ. ನಾವೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಒಂದರ ಹಿಂದೊಂದು ಷಟರ್ ದಡದಡ ಮೇಲೆದ್ದವು. ಸದ್ದು ಕೇಳಿ ಗಿರಾಕಿಗಳೂ ಬಂದರು, ನಮಗೆ ಬೈಯುತ್ತಲೇ.

ಅಧ್ಯಕ್ಷರು ನನ್ನ ಅಂಗಡಿಯ ಮುಂದೆ ನಿಂತು, "ಮೇಲ್ಗಡೆ ಏನಿದೆ?" ಅಂದರು.

ನನಗೆ ನಾಚಿಕೆಯಾಯಿತು. ಮೇಲಿನ ನೆಲ ಗುಡಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಾನು ಮನೆ ಬರೆದಿಟ್ಟಿದ್ದೆ. ಮೂಲೆಯಲ್ಲಿ ಒಲೆ, ನಡುವೆ ಮಂಚ, ಕಿಟಕಿಯ ಪಕ್ಕ ಮಗಳ ಮೇಜು. ಬೇರೆ ದಾರಿಯಿಲ್ಲದೆ ಕರೆದುಕೊಂಡು ಹೋದೆ. "ಏನೋ ಸರ್, ಆಸೆಗೆ..." ಅಂದೆ.

ಕಿಟಕಿಗೆ ನೆಟ್ಟಗೆ ಹೋಗಬೇಕೆಂದರೆ ಮಂಚ ತುಳಿದೇ ಹೋಗಬೇಕು. ಅಧ್ಯಕ್ಷರು ಮಂಚ ಸುತ್ತಿಕೊಂಡು, ಒಲೆ ದಾಟಿ, ಮೇಜಿನ ಅಂಚಿನಲ್ಲಿ ಮೈ ಓರೆ ಮಾಡಿಕೊಂಡು ಹೋಗಿ ಕಿಟಕಿ ತೆರೆದರು. ಹಿಂದೆ ಬಂದ ಸದಸ್ಯರೂ ಹಾಗೇ ಬಂದರು. ಒಬ್ಬರೂ ಗೆರೆ ತುಳಿಯಲಿಲ್ಲ. ಮೇಡಂ ಮೆಟ್ಟಿಲ ಬಳಿ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಸಭೆಯಲ್ಲಿ ಎಲ್ಲ ಕೈಗಳೂ ಏಳಲಿಲ್ಲ. ಬೇಕಾದಷ್ಟು ಎದ್ದವು.

ಈಗ ಷಟರ್ ಎಳೆದು ಮೆಟ್ಟಿಲು ಹತ್ತಿದರೆ ನನ್ನ ಮನೆ. ಎದುರಿನ ಮಹಡಿಗೆ ಕ್ಷೌರದಣ್ಣನ ಸಂಸಾರವೂ ಬಂದಿದೆ. ನಮ್ಮ ಮನೆಯವರು ತಾವೇ ಈ ಯೋಚನೆ ಮಾಡಿದ್ದು ಎಂಬಂತೆ ಓಡಾಡುತ್ತಾರೆ, ಓಡಾಡಲಿ. ಆ ದಿನ ಮೇಡಂ ನಗದೆ ಸಿಟ್ಟು ಮಾಡಿಕೊಂಡು ಹೋಗಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ ಎಂದು ದಿನಾ ಅಂದುಕೊಳ್ಳುತ್ತೇನೆ.

ಮೊನ್ನೆ ಅವರು ಟೀ ಕುಡಿಯಲು ಮೇಲೆ ಬಂದಾಗ ಮಗಳು ತಾನು ಬರೆದ ಹೊಸ ಚಿತ್ರ ತಂದು ಕೈಗಿಟ್ಟಳು. "ಇದು ಯಾರಮ್ಮ?" ಅಂದರು ಮೇಡಂ.

"ಅಮ್ಮ."

ನಾನೂ ಬಗ್ಗಿ ನೋಡಿದೆ. ಈ ಸಲ ನನಗೆ ಕೈಕಾಲೂ ಇದ್ದವು.