ಹೀರಾಬಾಯಿಯ ಬೆನ್ನು, ಅಂಬರಾಯನ ಜೀಪು

ವಾಡಿಯ ಅಂಬರಾಯನ ಜೀಪನ್ನು ಸೇಡಂನಲ್ಲಿ ಹತ್ತಿದ ಹೇಂಟೆಯೊಂದು ದಾರಿಯಲ್ಲೇ ಮೊಟ್ಟೆಯಿಟ್ಟು, ಕಾವಿಗೆ ಕೂತು, ಚಿಂಚೋಳಿಯಲ್ಲಿ ಮರಿಗಳ ಸಮೇತ ಇಳಿಯಿತು. ಗಾಡಿ ಹೊರಟದ್ದೇ ಅದಕ್ಕೆ ಗೊತ್ತಾಗಲಿಲ್ಲ. ಇದನ್ನು ಹೇಳಿದವನು ಅಂಬರಾಯನೇ. ಹೇಳುವಾಗ ಅವನ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ಜೀಪು ಮಾತ್ರ ನಿಂತಲ್ಲೇ ಅಲುಗುತ್ತಿತ್ತು.

ಅದು ಮಂದಿ ಹೇರುವ ಗಾಡಿ. ಒಳಗೆ ಅರ್ಧ ಊರು, ಟಾಪಿನ ಮೇಲೆ ಇನ್ನರ್ಧ. ಭಾರ ತಡೆಯಲೆಂದು ಆ ಕಡೆಯ ಜೀಪಿನವರೆಲ್ಲರಂತೆ ಅವನೂ ಹಿಂದಿನ ಕಮಾನು ಪಟ್ಟಿಯ ಕೆಳಗೆ ಇನ್ನಷ್ಟು ಪಟ್ಟಿ ಬಿಗಿಸಿ, ಟೈರು ಕಲ್ಲಾಗುವವರೆಗೆ ಹವಾ ತುಂಬಿಸಿದ್ದ. ಮಂದಿ ತುಂಬಿದರೆ ಗಾಡಿ ಸುಮ್ಮನಿರುತ್ತಿತ್ತು. ಖಾಲಿಯಿದ್ದರೆ ಇರುವೆಯ ಮೇಲೆ ಹಾಯ್ದರೂ ಕೂತವರ ತಲೆ ಟಾಪಿಗೆ ಬಡಿಯುತ್ತಿತ್ತು.

ಈಗ ಹೆಂಡತಿ ಪ್ರೀತಿ ತನ್ನ ತವರು ಚಿಮ್ಮನಚೋಡದಲ್ಲಿ ಹೆಣ್ಣು ಹೆತ್ತಿದ್ದಳು. ಸೋಮವಾರ ತೊಟ್ಟಿಲು. ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ, ಅಂದರೆ ಅಂಬರಾಯನ ಒಬ್ಬಳೇ ಅಕ್ಕ, ಚಿತ್ತಾಪುರದ ಹೀರಾಬಾಯಿ. ಅವಳ ಬೆನ್ನಿಗೆ ಆಪರೇಷನ್ ಆಗಿತ್ತು. ಹೋಗಿಬರಲಿ, ಆದರೆ ಝಟಕಾ ತಗಲಬಾರದು ಎಂದಿದ್ದರು ಡಾಕ್ಟರು.

"ನಿನ್ನ ಗಾಡ್ಯಾಗ ನಾ ಬರಂಗಿಲ್ಲ ತಮ್ಮಾ. ಹೋದ ಸಲ ಹಲ್ಲು ಎಣಿಸ್ಕೊಂಡು ಇಳದೀನಿ. ಫೋನಿನಾಗ ಹೆಸರು ಹೇಳ್ತೀನಿ, ಕೂಸಿನ ಕಿವಿಗಿ ಹಿಡೀರಿ."

"ಫೋನಿನಾಗ? ನನ್ನ ಮಗಳಿಗಿ? ಆಗಂಗಿಲ್ಲ ಅಕ್ಕಾ. ನಿನ್ನ ಒಯ್ದೇ ಒಯ್ತೀನಿ."

"ಹಂಗಾದ್ರ ವಾಡಿಯಿಂದ ಗಾಡ್ಯಾಗ ಕೊಡಾ ತುಂಬ ನೀರು ತಾ. ತುಂಬಿದ ಕೊಡಾನೇ ಬಂದ್ರ ಕುಂದ್ರತೀನಿ."

ಅಂಬರಾಯ ಹಟಕ್ಕೆ ಬಿದ್ದ. ಸರ್ದಾರನ ಪಂಕ್ಚರ್ ಅಂಗಡಿಯಲ್ಲಿ ಮೊದಲು ಹವಾ ಇಳಿಸಿದ. ಆಸೆಗೆ ಬಿದ್ದು ತೀರಾ ಇಳಿಸಿದ್ದರಿಂದ ತಿರುವಿನಲ್ಲಿ ಜೀಪು ಹೆಂಡ ಕುಡಿದ ಆನೆಯಂತೆ ತೂಗಾಡಿ, ಚಿತ್ತಾಪುರದಲ್ಲಿ ಕೊಡದ ತಳ ಕಂಡಿತು. ಟೈರು ನೆಲಕ್ಕೆ ಸಮನಾಗಿ ಕೂರುವಷ್ಟು ಮತ್ತೆ ತುಂಬಿಸಿದ. ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ. ಅರ್ಧ ಕೊಡ ಉಳಿಯಿತು. ಇನ್ನು ಹೆಚ್ಚಿಗೆ ಬಿಗಿಸಿದ್ದ ಪಟ್ಟಿ ಬಿಚ್ಚಬೇಕು. ತುಕ್ಕು ಹಿಡಿದ ಬೋಲ್ಟಿಗೆ ಪಾನಾ ಸಿಕ್ಕಿಸಿ ಇಬ್ಬರೂ ಜೋತುಬಿದ್ದರು. ಪಾನಾ ಮುರಿಯಿತು, ಬೋಲ್ಟು ಮಿಸುಕಲಿಲ್ಲ.

"ಬಿಡು ಭಾಯಿ," ಎಂದ ಸರ್ದಾರ ಬೆವರು ಒರೆಸಿಕೊಳ್ಳುತ್ತ, "ಮಂದಿ ತುಂಬಿದ್ರನೇ ನಿನ್ನ ಗಾಡಿ ಮಾತು ಕೇಳ್ತದ."

"ಅಕ್ಕಗ ಮಲಗಾಕ ಜಾಗಾ ಬೇಕೋ! ಮಂದೀನ ಎಲ್ಲಿ ತುಂಬಲಿ?"

ಹಾಗೆನ್ನುತ್ತಲೇ ಅವನ ಕಣ್ಣು ರಸ್ತೆಯಾಚೆ ಪೇರಿಸಿಟ್ಟಿದ್ದ, ನೆಲಕ್ಕೆ ಹಾಸುವ ಶಹಾಬಾದಿ ಫರ್ಸಿ ಕಲ್ಲುಗಳ ಮೇಲೆ ಬಿತ್ತು. ಗಾಡಿಗೆ ಬೇಕಾದದ್ದು ಮಂದಿಯಲ್ಲ, ಮಂದಿಯ ಭಾರ! ಹಿಂದಿನ ಸೀಟು ಕಿತ್ತು, ಫರ್ಸಿಗಳನ್ನು ಅಲುಗದಂತೆ ಹಾಸಿ, ಮೇಲೆ ದಪ್ಪ ಗಾದಿ ಹಾಕಿದ. ಸೆಟೆದು ನಿಂತಿದ್ದ ಪಟ್ಟಿಗಳು ಹೊಸ ಸೊಸೆಯಂತೆ ತಲೆ ಬಾಗಿಸಿದವು. ಭಾರಕ್ಕೆ ತಕ್ಕಂತೆ ಸರ್ದಾರ ಹವಾ ಸರಿಮಾಡಿಕೊಟ್ಟ. ಈ ಸಲ ಚಿತ್ತಾಪುರ ಮುಟ್ಟಿದ ಕೊಡದಲ್ಲಿ ನೀರಷ್ಟೇ ಅಲ್ಲ, ನೀರಿನ ಮೇಲೆ ಕೂತಿದ್ದ ಸೊಳ್ಳೆಯೂ ಹಾಗೇ ಇತ್ತು. ಇದು ಅಂಬರಾಯನ ಮಾತು.

"ಏನ್ ಮಾಡ್ದಿಯೋ?" ಹೀರಾಬಾಯಿ ಬೆರಗಾದಳು.

"ಸಸ್ಪೆನ್ಶನ್ ಸೆಟ್ಟಿಂಗ್! ಹೈದರಾಬಾದ್ ಇಂಜಿನಿಯರ್‌ಗೋಳು ನನ್ನ ಕಡೆ ಕಲೀಲಿಕ್ಕ ಬರಾಕತ್ತ್ಯಾರ."

ಸೋಮವಾರ ಸೇಡಂ ದಾಟುವಷ್ಟರಲ್ಲಿ ಹೀರಾಬಾಯಿ ಗೊರಕೆ ಹೊಡೆಯುತ್ತಿದ್ದಳು. ಅಲ್ಲಿಂದಾಚೆ ಎಮ್ಮೆ ಈಜುವಂಥ ಹೊಂಡಗಳು. ಅಂಬರಾಯ ಹಲ್ಲು ಕಚ್ಚಿ ಒಂದೊಂದನ್ನೂ ಬಳಸಿ ನಡೆಸಿದ. ಸೈಕಲ್ಲಿನವರೂ ಅವನನ್ನು ಹಿಂದೆ ಹಾಕಿ ಹೋದರು.

ಚಿಮ್ಮನಚೋಡದಲ್ಲಿ ಅಕ್ಕ ನಗುನಗುತ್ತ ಇಳಿದಳು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ "ದೇವಿಕಾ" ಎಂದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಹೆಂಗಸರು ಕೈ ಎತ್ತಿಯೇ ಬಿಟ್ಟರು. ಅಂಬರಾಯ ನಡುವೆ ನುಗ್ಗಿ ಅಷ್ಟೂ ಗುದ್ದನ್ನು ತಾನೇ ತಿಂದ.

ಊಟವಾದ ಮೇಲೆ ಕಟ್ಟೆಯ ಮೇಲೆ ಅವನ ಸೆಟ್ಟಿಂಗ್ ಪುರಾಣ ಶುರುವಾಯಿತು. ಮಂದಿ ಬಾಯಿ ಬಿಟ್ಟು ಕೇಳುತ್ತಿದ್ದರು. ಹೀರಾಬಾಯಿಗೆ ಒರಗಿಕೊಳ್ಳಲೆಂದು ಗಾದಿ ತರಲು ಹೋದ ಹೆಂಡತಿಯ ತಮ್ಮ ದೇವಾನಂದ ಜೀಪಿನಿಂದಲೇ ಕೂಗಿದ:

"ಅಪ್ಪಾ! ಮಾವ ಗಾಡಿ ತುಂಬ ಫರ್ಸಿ ತಂದಾನ!"

ಅವನ ತಂದೆ ಜಗದೇವಪ್ಪನ ಮುಖ ಅರಳಿತು. "ನಮ್ಮ ಬಚ್ಚಲಿಗಿ ಫರ್ಸಿ ಇಲ್ಲಂತ ಪ್ರೀತಿ ಹೇಳಿದ್ಲೇನ್ರಿ ಅಳಿಯಂದ್ರ? ಹೇಳ್ದೆ ಕೇಳ್ದೆ ತಂದೀರಲ್ಲ! ಏ, ಇಳಸ್ರೋ!"

ಕಟ್ಟೆಯ ಮಂದಿಯೆಲ್ಲ ಎದ್ದರು. ಒಂದು ಕಲ್ಲು ಇಳಿಯಿತು. ಇನ್ನೊಂದು ಇಳಿಯಿತು. ಪ್ರತಿ ಕಲ್ಲಿಗೂ ಜೀಪಿನ ಹಿಂಭಾಗ ಒಂದೊಂದು ಬೆರಳು ಮೇಲೇಳುತ್ತಿತ್ತು. ಸುಮ್ಮನಿದ್ದರೆ ಊರು ತುಂಬ ಅಂಬರಾಯನ ಹೆಸರು. ಆದರೆ ಸಂಜೆ ಅಕ್ಕ ಅದೇ ದಾರಿಯಲ್ಲಿ ಮರಳಬೇಕು.

"ಮಾವಾ, ಇಳಸಬ್ಯಾಡ್ರಿ!" ಅವನು ಓಡಿಹೋಗಿ ಮೂರನೆಯ ಕಲ್ಲನ್ನು ತಬ್ಬಿಕೊಂಡ. "ಇದು ಕಾಣಿಕಿ ಅಲ್ರಿ. ಸೆಟ್ಟಿಂಗೂ ಇಲ್ಲ, ಗಿಟ್ಟಿಂಗೂ ಇಲ್ಲ. ಬೋಲ್ಟು ಬಿಚ್ಚಾಕ ಬರಲಿಲ್ಲ, ಅದಕ ಕಲ್ಲು ಹೇರೀನಿ. ಇವು ಇಳದ್ರ ನಮ್ಮಕ್ಕನ ಬೆನ್ನು ಉಳಿಯಂಗಿಲ್ಲ."

ಹೀರಾಬಾಯಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದಳು.

"ಅಂದ್ರ ಚಿತ್ತಾಪುರದಿಂದ ಇಲ್ಲೀತನ ನಾ ಕಲ್ಲಿನ ಮ್ಯಾಲ ಮಲಗಿದ್ನೇನೋ?"

"ಹೌದಕ್ಕಾ," ಎಂದ ಅಂಬರಾಯ, ಕಲ್ಲನ್ನು ಬಿಡದೆ. "ಖರೇ ಹೇಳ್ತೀನಿ. ಕಲ್ಲಿನ ಮ್ಯಾಲ."