ಶೀತ ತಡೆಯುವ ಟೊಮೆಟೊ

ಉದುರಿಲ್ಲ, ಈ ಒಂದು ಹೂವು ಉದುರಿಲ್ಲ, ಒಣಗಿ ಕಂದಾಗಿದೆ, ಆದರೂ ತೊಟ್ಟು ಬಿಟ್ಟಿಲ್ಲ — ಕ್ಲಾರಾ ಬಾವಿಕಟ್ಟೆಯ ಪಕ್ಕ ಕೊಡಪಾನ ಹಿಡಿದುಕೊಂಡೇ ನಿಂತಳು, ಮುಟ್ಟಬಾರದು, ಮುಟ್ಟಿದರೆ ಬಿದ್ದೀತು, ಇಷ್ಟು ದಿನ ಬಿದ್ದದ್ದೆಲ್ಲ ಹಾಗೆಯೇ ಅಲ್ಲವೇ, ಹಳದಿ ಹೂವು ಅರಳುವುದು, ನಾಲ್ಕು ದಿನ ನಗುವುದು, ಆಮೇಲೆ ತೊಟ್ಟಿನ ನಡುವೆ ಬೆರಳಿನ ಗೆಣ್ಣಿನಂತಿರುವ ಆ ಗಂಟಿನಲ್ಲಿ ಮುರಿದು ನೆಲಕ್ಕೆ, ಬೆಳಿಗ್ಗೆ ಬಂದು ನೋಡಿದರೆ ಮಣ್ಣಿನ ಮೇಲೆ ಹಳದಿ, ಗಿಡದಲ್ಲಿ ಬರೀ ಎಲೆ, ಎಲೆ ಮಾತ್ರ ಎಂಥ ಎಲೆ, ಸೊಕ್ಕಿದ ಎಲೆ. ಬಾವಿಯ ಆಚೆ ಬದಿಯಲ್ಲಿ ಒದ್ದೆ ಗೋಣಿ ಸುತ್ತಿಟ್ಟ ಬಸಳೆಯ ದಂಟುಗಳು ಕಾಯುತ್ತಿವೆ, ಕ್ರಿಸ್ಮಸ್ಸಿನವರೆಗೆ ನೋಡುವ, ಕಾಯಿ ಬಾರದಿದ್ದರೆ ಇದನ್ನು ಕಿತ್ತು ಬಸಳೆ ಊರುವ, ಎಂದು ಮಾಂಯ್, ಅತ್ತೆ ಎಲಿಜಬೆತ್, ಹೇಳಿಯಾಗಿದೆ, ಅವರು ಒಮ್ಮೆ ಹೇಳಿದರೆ ಹೇಳಿದ್ದೇ, ಮತ್ತೆ ಕ್ರಿಸ್ಮಸ್ ಎಂದರೆ ನಾಡಿದ್ದು.

ಬಸಳೆಯ ಜಾಗವೇ ಇದು, ಮಾಂಯ್ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬಸಳೆಯ ಚಪ್ಪರ ಇದ್ದದ್ದು ಇಲ್ಲಿ, ಈ ಮನೆಯಲ್ಲಿ ಎಲ್ಲದಕ್ಕೂ ಅದರದರ ಜಾಗ ಉಂಟು, ಒಲೆ ಮಾಂಯ್‌ದು, ಉಪ್ಪಿನ ಭರಣಿ ಮಾಂಯ್‌ದು, ಮೀನಿಗೆ ಎಷ್ಟು ಹುಳಿ ಎನ್ನುವುದೂ ಮಾಂಯ್‌ದು, ರೇಮಂಡ್ ಹಗಲೆಲ್ಲ ಬೆಳ್ಮಣ್ ಬಸ್ಸಿನ ಕಂಡಕ್ಟರ್, ಮನೆಗೆ ಬಂದರೆ ಅಮ್ಮನ ಮಗ, ಕ್ಲಾರಾಳ ಗಂಡನಾಗುವುದಕ್ಕೆ ಅವನಿಗೆ ಪುರುಸೊತ್ತು ಆದಾಗ ಆಯಿತು — ಪಾಪ, ಒಳ್ಳೆಯವನೇ — ಆದರೆ ಕಾರ್ಕಳದ ಈ ಕುಕ್ಕುಂದೂರಿನಲ್ಲಿ ತನ್ನದು ಎಂತ ಉಂಟು, ಕೂನೂರಿನಿಂದ ಹೊರಡುವಾಗ ಅಮ್ಮ ಕರವಸ್ತ್ರದ ತುದಿಗೆ ಗಂಟು ಹಾಕಿ ಕೊಟ್ಟ ಈ ಬೀಜವೊಂದೇ. ಅಲ್ಲಿ ಟೀ ತೋಟದ ಕ್ವಾರ್ಟರ್ಸಿನ ಹಿಂದೆ, ಹುಲ್ಲಿನ ಮೇಲೆ ಮಂಜು ಸುಣ್ಣ ಚೆಲ್ಲಿದ ಹಾಗೆ ಬಿಳಿಯಾಗಿ ಕೂತ ಬೆಳಿಗ್ಗೆಯೂ ಈ ಗಿಡ ಜಗ್ಗುತ್ತಿರಲಿಲ್ಲ, ಅಪ್ಪ ಮಫ್ಲರ್ ಸುತ್ತಿಕೊಂಡು ಕೆಂಪು ಹಣ್ಣು ಕೀಳುತ್ತಿದ್ದರು, ಮೊನ್ನೆ ಮೊನ್ನೆಯವರೆಗೆ ಕೂನೂರೂ ಕಾರ್ಕಳವೂ ಒಂದೇ ಮದ್ರಾಸು, ಈಗ ರಾಜ್ಯ ಬೇರೆಯಾಗಿ ತವರು ಇನ್ನಷ್ಟು ದೂರ ಹೋದ ಹಾಗೆ. ಒಂದು ಕಾಯಿ, ಒಂದೇ ಒಂದು ಕಾಯಿ ಇಲ್ಲಿ ನಿಂತರೆ ತಾನೂ ನಿಂತೇನು ಎಂದು ಅವಳಿಗೆ ಯಾಕೋ ಅನಿಸಿಬಿಟ್ಟಿದೆ, ಹುಚ್ಚು ಎಂದರೆ ಹುಚ್ಚು.

ಮಾಂಯ್, ಇದು ಶೀತ ತಡೆಯುವ ಟೊಮೆಟೊ, ಎಲ್ಲಿ ಹಾಕಲಿ, ಎಂದು ಮಳೆ ಬಿಟ್ಟ ಮೇಲೆ ಹೆದರಿ ಹೆದರಿ ಕೇಳಿದ್ದು, ಹಾಳು ಹಿತ್ತಿಲಿನ ಮೂಲೆ ತೋರಿಸುತ್ತಾರೆ ಎಂದುಕೊಂಡರೆ ಮುದುಕಿ ಸೀದಾ ಬಾವಿಯ ಬಳಿ ಬಂದು ಹಳೆ ಬಸಳೆಯನ್ನು ತಾನೇ ಕಿತ್ತು, ಇಲ್ಲಿ ಹಾಕು, ನೀರು ಹತ್ತಿರ ಉಂಟು, ಎಂದದ್ದು, ಕ್ಲಾರಾಳ ಬಾಯಿ ತೆರೆದದ್ದು ತೆರೆದೇ. ಬೂದಿ ಹಾಕಿದ್ದೂ ಮಾಂಯ್, ಹುಳ ಹೆಕ್ಕಿದ್ದೂ ಮಾಂಯ್. ಗುಟ್ಟು ಒಡೆದದ್ದು ಬೇಲಿಯಾಚೆಯ ಶರೀಫಾ, ಕ್ಲಾರಾ, ನಿನ್ನ ತಕ್ಕಾಳಿ ಹಣ್ಣಾದರೆ ನಮಗೂ ಒಂದು ಇಡು ಮಾರಾಯ್ತಿ, ನಮ್ಮ ಮನೆಯವರಿಗೆ ಮೂಗು ಸೋರುವುದು ನಿಲ್ಲುವುದೇ ಇಲ್ಲ, ಶೀತ ತಡೆಯುವ ತಕ್ಕಾಳಿಯಂತೆ ಅಲ್ವಾ, ನಿನ್ನ ಅತ್ತೆ ಹೇಳಿದರು, ಈ ವರ್ಷ ಕಷಾಯ ಬೇಡವೇ ಬೇಡ ಅಂತ. ಅಯ್ಯೋ ದೇವರೇ. ನಗಬೇಕೋ ಅಳಬೇಕೋ. ಬಾಯಿ ಮುಚ್ಚಿಕೊಂಡಿದ್ದರೆ ಜಾಗ ಉಳಿಯುತ್ತಿತ್ತು, ಆದರೆ ಆ ಸಂಜೆ ಮಾಂಯ್ ತಲೆಗೆ ಬಟ್ಟೆ ಸುತ್ತಿ, ಕೆಮ್ಮುತ್ತ, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಸವರುತ್ತಿದ್ದರು, ನೋಡಿ ಕ್ಲಾರಾ ಹತ್ತಿರ ಹೋಗಿ ಹೇಳಿಯೇಬಿಟ್ಟಳು — ಮಾಂಯ್, ನಮ್ಮ ಶೀತ ಅಲ್ಲ, ಚಳಿಯನ್ನು ಈ ಗಿಡ ತಡೆದುಕೊಳ್ಳುತ್ತದೆ ಅಂತ ನಾನು ಹೇಳಿದ್ದು. ಓಹೋ, ನನ್ನ ಮೂಗಿಗೆ ಅಲ್ಲ, ಅದರ ಮೂಗಿಗೆ. ಅಷ್ಟೇ ಹೇಳಿ ಎದ್ದು ಹೋದವರು ಮರುದಿನ ಎಲ್ಲಿಂದಲೋ ಬಸಳೆ ದಂಟು ತಂದು ಗೋಣಿ ಸುತ್ತಿಟ್ಟರು.

ಆದರೂ ಕೇಳಿದ್ದರು, ಹೂವು ಯಾಕೆ ಉದುರುವುದು, ಬೆನ್ನು ತಿರುಗಿಸಿಕೊಂಡೇ ಕೇಳಿದ್ದು, ಈ ಗಿಡಕ್ಕೆ ರಾತ್ರಿ ತಂಪು ಬೇಕು ಮಾಂಯ್, ಇಲ್ಲಿಯ ಸೆಕೆಗೆ ಕಾಯಿ ಕಚ್ಚುವುದಿಲ್ಲ. ಅಂದಿನಿಂದ ಇದೊಂದು ಹೊಸತು, ಜೀವಮಾನವಿಡೀ ಚಳಿಯನ್ನು ಬೈದುಕೊಂಡು ಬಂದವರು ಬೆಳಿಗ್ಗೆ ಕಂಬಳಿಯೊಳಗಿನಿಂದಲೇ ಕೂಗುವುದು, ಕ್ಲಾರಾ, ಚಳಿ ಉಂಟಾ, ಕಿಟಕಿಯಿಂದ ಕೈ ಹೊರಗೆ ಹಾಕಿ ನೋಡುವುದು, ಛೆ, ಇಷ್ಟು ಸಾಲದು. ಇಗರ್ಜಿಯಲ್ಲಿ ಕೂಡ ಅದನ್ನೇ ಬೇಡಿಕೊಂಡರೋ ಏನೋ, ಈ ವಾರ ಬಂತು, ನಿಜವಾದ ಚಳಿ, ಬಾವಿಯ ನೀರಿನಿಂದ ಹಬೆ ಏಳುತ್ತಿದೆ, ಕಾಲಿನ ಬೆರಳು ಮರಗಟ್ಟುತ್ತಿದೆ, ಒಳಗೆ ಒಂದು ಸೀನು, ಇನ್ನೊಂದು ಸೀನು, ಚಪ್ಪಲಿಯ ಸದ್ದು, ಮಾಂಯ್ ಹಿಂದೆ ಬಂದು ನಿಂತಿದ್ದಾರೆ, ಎಂತ ಕಲ್ಲಿನ ಹಾಗೆ ನಿಂತದ್ದು, ಮುಟ್ಟಿ ನೋಡು ಮಗಳೇ. ಹೆದರಿಕೆ ಆಗುತ್ತದೆ ಮಾಂಯ್. ನಾನಿಲ್ಲವಾ, ಮುಟ್ಟು. ಕ್ಲಾರಾ ಕೊಡಪಾನ ಕೆಳಗಿಟ್ಟು ಬೆರಳ ತುದಿಯಿಂದ ಮುಟ್ಟಿದಳು, ಗಂಟು ಮುರಿಯಲಿಲ್ಲ, ಒಣ ಎಸಳು ಮಾತ್ರ ಟೋಪಿ ಕಳಚಿದ ಹಾಗೆ ಬೆರಳಿಗೆ ಬಂತು, ಅದರಡಿಯಲ್ಲಿ — ಮಾಂಯ್ ಬಗ್ಗಿ ನೋಡಿದರು, ಮತ್ತೂ ಬಗ್ಗಿ ನೋಡಿದರು, ಬಾವಿ ಸುತ್ತಿ ಹೋಗಿ ಗೋಣಿಯ ಕಟ್ಟನ್ನು ಎತ್ತಿದರು, ಶರೀಫಾ, ಓ ಶರೀಫಾ, ಬಸಳೆ ದಂಟು ಉಂಟು, ನಿಮಗೆ ಬೇಕಾ, ನಮ್ಮಲ್ಲಿ ಜಾಗ ಇಲ್ಲ — ಜಾಗ ಇಲ್ಲ, ನಮ್ಮಲ್ಲಿ, ನಮ್ಮಲ್ಲಿ ಅಂದರು, ಬೇಲಿಯಾಚೆ ಕಟ್ಟು ಬಿದ್ದ ಸದ್ದು, ಮತ್ತೊಂದು ಸೀನು, ಕ್ಲಾರಾಳಿಗೆ ಕಣ್ಣು ಮಂಜಾಗಿ ಏನೂ ಕಾಣುವುದಿಲ್ಲ, ಕಾಣುವುದು ಇಷ್ಟೇ, ಜಪಸರದ ಮಣಿಯಷ್ಟು, ಹಸಿರು, ತೊಟ್ಟಿನಲ್ಲೇ, ಉದುರಿಲ್ಲ.