ಹುಳು ಸಾಯಲಿಲ್ಲ ಅಂತ ಎರಡನೇ ಸಲ ಹೊಡೆಯಬೇಡಿ

ಔಷಧಿ ಹೊಡೆದ ಮರುದಿನ ಗಿಡದ ಬುಡದಲ್ಲಿ ಸತ್ತ ಹುಳು ಎಣಿಸುವುದು ನಮ್ಮ ಅತ್ತಿಗೆಯ ಪದ್ಧತಿ. ರಾಶಿ ಬಿದ್ದಿದ್ದರೆ ಒಳ್ಳೆಯ ಔಷಧಿ, ಇಲ್ಲದಿದ್ದರೆ ಮೋಸ. ಈ ಸಲ ಎರಡು ದಿನವಾದರೂ ಒಂದೂ ಬಿದ್ದಿಲ್ಲ! ಹುಳುಗಳು ಎಲೆಕೋಸಿನ ಮೇಲೆ ಆರಾಮಾಗಿ ಓಡಾಡಿಕೊಂಡಿವೆ. ಅಂಗಡಿಯವನು ಟೋಪಿ ಹಾಕಿದನೋ, ತಾನೇ ಅಳತೆ ತಪ್ಪಿದಳೋ, ಅವಳಿಗೆ ತಲೆಬುಡ ತಿಳಿಯಲಿಲ್ಲ.

ಏನಾದರಾಗಲಿ ಎಂದು ಎರಡರಷ್ಟು ಔಷಧಿ ಕಲಸಿ, ಹೊಲಕ್ಕೆ ತಾಗಿರುವ ಮೈದುನನ ಸಿಗಡಿ ಹೊಂಡದ ಏರಿಯವರೆಗೂ ಹೊಡೆಯಲು ಹೊರಟಳು. ಅಷ್ಟರಲ್ಲಿ ಅರಣ್ಯ ಇಲಾಖೆಯ ಸಸಿತೋಟದಲ್ಲಿ ಕೆಲಸ ಮಾಡುವ ನಾದಿನಿ ಎದುರಾದಳು.

"ಅತ್ತಿಗೆ, ಮೊನ್ನೆ ತಾನೆ ಹೊಡೆದ್ರಲ್ಲ?"

"ಹೊಡೆದೆ ಕಣೇ. ಅವು ಅದನ್ನೇ ತಿಂದು ದಪ್ಪ ಆಗ್ತಿವೆ!"

ನಾದಿನಿ ಅತ್ತಿಗೆಯ ಕೈಲಿದ್ದ ಔಷಧಿ ಡಬ್ಬಿಯ ಚೀಟಿ ಓದಿ ನಕ್ಕಳು. "ನಮ್ಮ ಸಸಿಗೂ ಇದನ್ನೇ ಹೊಡೀತೀವಿ. ಇದು ತಕ್ಷಣ ಕೊಲ್ಲೋ ವಿಷ ಅಲ್ಲ. ಹುಳ ಬೆಳೀಬೇಕಾದ್ರೆ ಹಳೇ ಪೊರೆ ಬಿಡಬೇಕು. ಇದನ್ನ ತಿಂದ ಹುಳಕ್ಕೆ ಹೊಸ ಪೊರೆ ಸರಿಯಾಗಿ ಕಟ್ಟಲ್ಲ. ಸಾಯೋದು ಆವಾಗ."

"ಬದುಕಿರೋ ಹುಳಾನೇ ಸತ್ತಿದೆ ಅಂತೀಯಾ? ನಂಗೊಂದೂ ಅರ್ಥ ಆಗ್ತಿಲ್ಲ."

"ಹೋಗ್ಲಿ, ಸಿಗಡಿ ಚಿಪ್ಪು ಕಳಚಲ್ವಾ?"

"ಕಳಚುತ್ತೆ. ಹೊಂಡದ ತುಂಬ ತೇಲ್ತಿರುತ್ತೆ."

"ಈ ಔಷಧಿ ನೀರಿಗೆ ಬಿದ್ರೆ ಅವಕ್ಕೂ ಇದೇ ಗತಿ ಅತ್ತಿಗೆ."

ಅತ್ತಿಗೆ ಹೊಂಡದ ಕಡೆ ತಿರುಗಿ ನೋಡಿದಳು. ಮೈದುನನ ಸಂಸಾರ ನಿಂತಿರುವುದೇ ಆ ಹೊಂಡದ ಮೇಲೆ. ಬೆನ್ನ ಮೇಲಿನ ಕ್ಯಾನನ್ನು ಮೆಲ್ಲಗೆ ಇಳಿಸಿದಳು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಔಷಧಿ ಬಿದ್ದ ಎಲೆಯ ಜೊತೆ ಆರು ಹುಳುಗಳನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟಳು.

ಮೂರನೇ ದಿನ ನೋಡಿದರೆ ಐದು ಹುಳು ಅರ್ಧ ಪೊರೆ ಬಿಟ್ಟು, ಅದರಲ್ಲೇ ಸಿಕ್ಕಿಕೊಂಡು ಸತ್ತಿದ್ದವು. ಆರನೆಯದು ಜೀವವಿದ್ದರೂ ಎಲೆ ಮುಟ್ಟದೆ ತಳದಲ್ಲಿ ಮುದುಡಿತ್ತು. ಅತ್ತಿಗೆ ಬಾಟಲಿ ಹಿಡಿದು ಮೈದುನನ ಮನೆಗೇ ಹೋದಳು.

"ನಿನ್ನ ಹೊಂಡಾನ ಹೀಗೆ ಮಾಡ್ಬಿಡ್ತಿದ್ದೆ ಕಣಪ್ಪಾ," ಎಂದು ಬಾಟಲಿಯನ್ನು ಅವನ ಕೈಗಿಟ್ಟಳು.

ನೀವೂ ಇಂಥ ಔಷಧಿ ತಂದಿದ್ದೀರಾ? ಹುಳು ಚಿಕ್ಕದಿರುವಾಗಲೇ, ಚೀಟಿಯಲ್ಲಿ ಹೇಳಿದಷ್ಟೇ ಹೊಡೆಯಿರಿ. ಕೈಗವಸು, ಮುಖಕ್ಕೆ ಮುಸುಕು ಮರೆಯಬೇಡಿ. ಕೆರೆ, ಹೊಂಡ, ಕಾಲುವೆಗಳಿಂದ ದೂರವಿರಿ; ಕ್ಯಾನನ್ನೂ ಅಲ್ಲಿ ತೊಳೆಯಬೇಡಿ. ಆಮೇಲೆ ಕೆಲವು ದಿನ ತಾಳಿ. ನಿಮ್ಮ ಹೊಲದ ನೀರು ಇನ್ನೊಬ್ಬರ ಅನ್ನದ ತಟ್ಟೆಯವರೆಗೂ ಹರಿಯುತ್ತದೆ.